ದೊಡ್ಡಪ್ಪನ ಸಮದರ್ಶಿನಿ

ನಮ್ಮ ಪಕ್ಕದ ಫ್ಲ್ಯಾಟಿನ ಟಿ.ವಿ.ಯೊಳಗೆ ಒಬ್ಬ ಹೆಂಗಸು ಇದ್ದಾಳೆ. ದಿನಾ ಸಂಜೆ ನಾನು ಊಟದ ಮೇಜಿನ ಮುಂದೆ ಕೂತು ಹುರುಳಿಕಾಯಿ ಹೆಚ್ಚುವ ಹೊತ್ತಿಗೆ ಸರಿಯಾಗಿ ಅವಳಿಗೆ ಹಿಂದಿನದೆಲ್ಲ ನೆನಪಾಗುತ್ತದೆ. ಅವಳ ಮುಖವನ್ನು ನಾನು ನೋಡಿದವಳಲ್ಲ. ನನಗೂ ಅವಳಿಗೂ ನಡುವೆ ಒಂದು ಗೋಡೆ ಇದೆ. ಪಲ್ಲಾವರದ ಈ ಕಟ್ಟಡ ಕಟ್ಟಿಸಿದ ಪುಣ್ಯಾತ್ಮ ಗೋಡೆಗೆ ಇಟ್ಟಿಗೆ ಇಟ್ಟನೋ ಹಪ್ಪಳ ಇಟ್ಟನೋ ತಿಳಿಯದು, ವಿಮಾನ ಇಳಿದರೂ ಕೇಳುತ್ತದೆ, ಪಕ್ಕದವರು ಒಗ್ಗರಣೆ ಹಾಕಿದರೂ ಕೇಳುತ್ತದೆ. ಅತ್ತೆ ಬಯ್ಯುತ್ತಾಳೆ, ಪಾತ್ರೆ ಬೀಳುತ್ತದೆ, ಒಂದು ಬಿಕ್ಕು. ಆಮೇಲೆ ಆ ಸದ್ದು. ಆರು ಸ್ವರಗಳು ಮೇಲಕ್ಕೆ, ಮತ್ತೆ ಅವೇ ಆರು ಇನ್ನೂ ಮೇಲಕ್ಕೆ. ನೀವೂ ಕೇಳಿದ್ದೀರಿ, ಕೇಳಿಲ್ಲವೆಂದು ನಾಟಕ ಮಾಡಬೇಡಿ. ತೆರೆ ನೀರಿನ ಹಾಗೆ ಅಲುಗಾಡಿ, ನರೆಗೂದಲಿನ ನಾಯಕಿ ಎರಡು ಜಡೆಯ ಹುಡುಗಿಯಾಗುವಾಗ ಬರುತ್ತದಲ್ಲ, ಅದೇ. ಕಥೆ ಬರೆಯುವವನಿಗೆ ಮುಂದಕ್ಕೆ ದಾರಿ ತೋಚದಿದ್ದಾಗ ಹಿಂದಕ್ಕೆ ಓಡಲು ಇಟ್ಟುಕೊಂಡಿರುವ ಮೆಟ್ಟಿಲು ಅದು.

ಅವಳು ಏನನ್ನಾದರೂ ನೆನೆಯಲಿ, ನನ್ನ ಗಂಟೇನು ಹೋಯಿತು? ಆದರೆ ಆ ಆರು ಸ್ವರ ಮೇಲೆ ಹೋದ ಕೂಡಲೇ ನನ್ನ ಕೈಯಲ್ಲಿದ್ದ ಚಾಕು ಕೆಳಗಿಳಿಯುತ್ತದೆ. ಎಡಗೈಯ ತೋರುಬೆರಳೊಂದು, ಬಲಗೈಯ ಬೆರಳು ಐದೂ, ಮೇಜಿನ ಮೇಲೆ ತಾವಾಗಿ ಓಡಿ ಆ ಸ್ವರಗಳನ್ನು ಕೆಳಕ್ಕೆ ಇಳಿಸಿ ಬಿಡುತ್ತವೆ. ಇಳಿಸದಿದ್ದರೆ ನನಗೆ ಮುಂದಿನ ಕಾಯಿ ಹೆಚ್ಚಲು ಆಗುವುದಿಲ್ಲ. ಇದು ರೋಗ. ನನ್ನ ಯಜಮಾನರು ಇದಕ್ಕೆ ನರದ ಡಾಕ್ಟರನ್ನು ನೋಡೋಣ ಎನ್ನುತ್ತಾರೆ. ಈ ರೋಗ ಅಂಟಿಸಿದವರು ಡಾಕ್ಟರಿಗೆ ನಿಲುಕುವವರಲ್ಲ. ಅವರು ನನ್ನ ದೊಡ್ಡಪ್ಪ.

ದೊಡ್ಡಪ್ಪ ರೈಲ್ವೆಯ ಲೆಕ್ಕಪತ್ರದ ಕಚೇರಿಯಲ್ಲಿ ಆಡಿಟರು. ಟ್ರಿಪ್ಲಿಕೇನಿನಲ್ಲಿ ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಹೋಗುವ ಒಂದು ಮನೆಯಲ್ಲಿ ನಾವೆಲ್ಲ ಒಟ್ಟಿಗಿದ್ದೆವು: ದೊಡ್ಡಪ್ಪ, ದೊಡ್ಡಮ್ಮ, ನನ್ನ ಅಪ್ಪ, ಅಮ್ಮ ಮತ್ತು ನಾನು. ಅಪ್ಪ ಬೆಳಕು ಹರಿಯುವ ಮೊದಲೇ ಅಂಬತ್ತೂರಿನ ಕಾರ್ಖಾನೆಗೆ ಹೋದವರು ದೀಪ ಹಚ್ಚಿದ ಮೇಲೆ ಬರುತ್ತಿದ್ದರು. ಮನೆಯ ಯಾವ ರಗಳೆಗೂ ಅವರು ಸಿಕ್ಕಿಕೊಳ್ಳಲಿಲ್ಲ, ಇಲ್ಲಿಯೂ ಅವರನ್ನು ಅವರ ಪಾಡಿಗೆ ಬಿಡೋಣ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ಮಾಧ್ವರ ಮನೆ ನಮ್ಮದು. ದೊಡ್ಡಪ್ಪನ ಕನ್ನಡದಲ್ಲಿ ತಮಿಳು ಎಷ್ಟು ಬೆರೆತಿತ್ತೆಂದರೆ, ಮೈಸೂರಿನಿಂದ ಮದುವೆಯಾಗಿ ಬಂದ ದೊಡ್ಡಮ್ಮ ಹೊಸದರಲ್ಲಿ ಗಂಡನ ಮಾತಿಗೆಲ್ಲ ತಲೆಯಾಡಿಸಿ, ಆಮೇಲೆ ಅಡಿಗೆಮನೆಯಲ್ಲಿ ನಮ್ಮಜ್ಜಿಯ ಹತ್ತಿರ ಅರ್ಥ ಕೇಳಿಕೊಳ್ಳುತ್ತಿದ್ದರಂತೆ. ನಾನಂತೂ ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಎದುರುತ್ತರ ಕೊಡುವ ಜಾತಿ. ದೊಡ್ಡಪ್ಪ ನನ್ನನ್ನು ಕರೆಯುತ್ತಿದ್ದದ್ದೂ ತಮಿಳಿನಲ್ಲೇ, ಕುಟ್ಟಿ ಎಂದು, ಅಂದರೆ ಮರಿ.

ಭಗವಂತ ಸೃಷ್ಟಿ ಮಾಡಿ ಫೈಲನ್ನು ತಮ್ಮ ಪರಿಶೀಲನೆಗೆ ಕಳಿಸಿದ್ದಾನೆಂದು ದೊಡ್ಡಪ್ಪ ನಂಬಿದ್ದರು. ಅವರ ಹಸಿರು ಶಾಯಿಯ ಪೆನ್ನು ಮನೆಗೂ ಬರುತ್ತಿತ್ತು. ಪಂಚಾಂಗದಲ್ಲಿ ತಿಥಿ ತಿದ್ದುವರು, ಮದುವೆಯ ಕರೆಯೋಲೆಗಳಲ್ಲಿ ಕಾಗುಣಿತ ತಿದ್ದಿ ಬೀಗರಿಗೇ ವಾಪಸು ಕಳಿಸುವರು. ಅವರಿಗೆ ಉಪನಯನವಾದಾಗ ನಮ್ಮಜ್ಜ ಅವರಿಂದ ಒಂದು ಪ್ರಮಾಣ ಮಾಡಿಸಿಕೊಂಡಿದ್ದರು: ಈ ಕಣ್ಣಿನಿಂದ ಸಿನಿಮಾ ನೋಡುವುದಿಲ್ಲ ಎಂದು. ಅಜ್ಜ ಹೋದರೂ ಪ್ರಮಾಣ ಹೋಗಲಿಲ್ಲ. ಹೋಗಲಿ, ತಮ್ಮ ಕಣ್ಣಿಗೆ ಮಾತ್ರ ಹಾಕಿಕೊಂಡ ಬೇಲಿಯನ್ನು ದೊಡ್ಡಪ್ಪ ಇಡೀ ಮನೆಯ ಕಣ್ಣಿಗೆ ಎಳೆದರು. ಬೀದಿಯ ಎರಡೂ ತುದಿಯಲ್ಲಿ ನಾಯಕರ ಆಳೆತ್ತರದ ಚಿತ್ರಗಳು ನಿಂತಿದ್ದ ಊರಿನಲ್ಲಿ, ನಮ್ಮ ಮನೆಯಲ್ಲಿ ಸಿನಿಮಾ ಎಂಬ ಮಾತು ಈರುಳ್ಳಿಯಷ್ಟೇ ನಿಷಿದ್ಧ. ದೊಡ್ಡಪ್ಪ ಬಸ್ಸಿನಲ್ಲಿ ಮೌಂಟ್ ರೋಡ್ ದಾಟುವಾಗ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಇದರಿಂದ ಎಷ್ಟೋ ಸಲ ಇಳಿಯಬೇಕಾದ ಸ್ಟಾಪು ತಪ್ಪಿ ನಡೆದುಕೊಂಡು ಬಂದದ್ದೂ ಉಂಟು.

ಪಿಯಾನೋ ನಮ್ಮ ಮನೆಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಪೆರಂಬೂರಿನ ಮಿಸ್ಟರ್ ಪೀಟರ್ಸ್ ದೊಡ್ಡಪ್ಪನ ಸಹೋದ್ಯೋಗಿ. ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟರು, ಹೊರಡುವ ಮುಂಚೆ ಅವರ ಕಾಗದಪತ್ರಗಳನ್ನು ದೊಡ್ಡಪ್ಪ ಸರಿಮಾಡಿ ಕೊಟ್ಟರು. ಆ ಉಪಕಾರಕ್ಕೆ ಪ್ರತಿಯಾಗಿ ಎತ್ತಿನ ಗಾಡಿಯ ಮೇಲೆ ಹಗ್ಗ ಬಿಗಿಸಿಕೊಂಡು ಪಿಯಾನೋ ಬಂತು. ಅದು ಉಡುಗೊರೆಯೋ, ಸಾಗಿಸಲಾಗದ ಹೆಣವನ್ನು ಪರರ ಅಂಗಳದಲ್ಲಿ ಹಾಕಿ ಹೋದದ್ದೋ ಎಂದು ನನಗೆ ಇವತ್ತಿಗೂ ಅನುಮಾನ. ನಡುಮನೆಯ ಅರ್ಧ ಅದಕ್ಕೇ ಹೋಯಿತು. ಸಮುದ್ರದ ಗಾಳಿಗೆ ಒಳಗಿನ ಸುತ್ತಿಗೆಗಳ ಉಣ್ಣೆಬಟ್ಟೆ ಊದಿಕೊಳ್ಳಬಾರದೆಂದು ಅದರ ಹೊಟ್ಟೆಯೊಳಗೆ ಸದಾ ಒಂದು ಬಲ್ಬು ಉರಿಯುತ್ತಿತ್ತು. ನಾನು ಬಚ್ಚಲಿನ ದೀಪ ಆರಿಸಲು ಮರೆತರೆ ಮಹಾಭಾರತ ನಡೆಸುವ ದೊಡ್ಡಪ್ಪ, ಪಿಯಾನೋದ ಹೊಟ್ಟೆಯ ದೀಪಕ್ಕೆ ಮಾತ್ರ ಚಕಾರವೆತ್ತಲಿಲ್ಲ. ಹುಳು ಹಿಡಿಯದಿರಲೆಂದು ಅದರೊಳಗೆ ಇಟ್ಟ ನುಸಿಗುಳಿಗೆಯ ವಾಸನೆ ಊಟದ ಎಲೆಯವರೆಗೂ ಬರುತ್ತಿತ್ತು.

ಮೊದಲ ಜಗಳ ಸಂಗೀತದ್ದಲ್ಲ, ಮಡಿಯದ್ದು. ಬಿಳಿ ಕಟ್ಟೆಗಳಿಗೆ ಅಪ್ಪಟ ಆನೆಯ ದಂತ ಹೊದಿಸಿದೆಯೆಂದು ಪೀಟರ್ಸ್ ಹೆಮ್ಮೆಯಿಂದ ಹೇಳಿ ಹೋಗಿದ್ದರು. ಕಟ್ಟೆ ಎಂದರೆ ಒತ್ತುವ ಪಟ್ಟಿ. ಹಾರ್ಮೋನಿಯಮ್ಮಿನವರ ಮಾತು, ನಮ್ಮ ಮನೆಯಲ್ಲಿ ಪಿಯಾನೋಗೂ ಅದೇ ಸಾಕಾಯಿತು. ದಂತವೆಂದರೆ ಎಲುಬಲ್ಲವೇ ಎಂದು ದೊಡ್ಡಮ್ಮ ಕೇಳಿದರು. ಶಂಖವೂ ಒಂದು ಪ್ರಾಣಿಯ ಮನೆಯೇ ಅಲ್ಲವೇ ಎಂದು ದೊಡ್ಡಪ್ಪ ಎದುರು ಕೇಳಿದರು. ಶಂಖವನ್ನು ದೇವರು ಕೈಯಲ್ಲಿ ಹಿಡಿದಿದ್ದಾನೆ, ಪಿಯಾನೋವನ್ನು ಹಿಡಿದಿಲ್ಲ ಎಂದು ದೊಡ್ಡಮ್ಮ. ಕೊನೆಗೆ ರಾಜಿಯಾಯಿತು: ಕರಿ ಕಟ್ಟೆ ಮರದ್ದು, ಅದು ಮಡಿಗೆ ಆದೀತು, ಬಿಳಿ ಕಟ್ಟೆ ಮುಟ್ಟಿದವಳು ಕೈಕಾಲು ತೊಳೆಯದೆ ಅಡಿಗೆಮನೆಗೆ ಕಾಲಿಡಕೂಡದು. ಮುಟ್ಟುವವಳು ಯಾರು? ನಾನು. ದೊಡ್ಡಪ್ಪನ ಬೆರಳುಗಳು ಬಾಳೆಹಣ್ಣಿನಂಥವು, ಒಂದು ಕಟ್ಟೆ ಒತ್ತಿದರೆ ಪಕ್ಕದ್ದೂ ಬೀಳುತ್ತಿತ್ತು. ಆದ್ದರಿಂದ ಅವರು ಶಾಸ್ತ್ರಜ್ಞರಾದರು, ಹೈಸ್ಕೂಲಿಗೆ ಹೋಗುತ್ತಿದ್ದ ನಾನು ವಿದುಷಿಯಾದೆ. ಬೇರೆ ಮೇಷ್ಟರು ಬೇಡವೆಂದರು. ಕಲಿತವರು ಬಂದರೆ ತಪ್ಪನ್ನೇ ಕಲಿಸಿ ಹೋಗುತ್ತಾರೆ ಎಂಬುದು ಅವರ ವಾದ.

ಒಂದು ಭಾನುವಾರ ಅವರು ಪಿಯಾನೋದ ಲೆಕ್ಕ ತಪಾಸಣೆಗೆ ಕೂತರು. ಸ ಮತ್ತು ರಿ ನಡುವೆ ಒಂದು ಕರಿ ಕಟ್ಟೆ ಇದೆ, ಸರಿ. ರಿ ಮತ್ತು ಗ ನಡುವೆ ಇದೆ, ಸರಿ. ಗ ಮತ್ತು ಮ ನಡುವೆ ಇಲ್ಲ. ಮೇಲೆ ನಿ ಮತ್ತು ಸ ನಡುವೆಯೂ ಇಲ್ಲ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ದಾಸ್ತಾನಿನಲ್ಲಿ ಎರಡು ಸಾಮಾನು ಕಡಿಮೆ! ಇಷ್ಟು ಶತಮಾನ ಯಾರೂ ಆಕ್ಷೇಪಣೆ ಎತ್ತದೆ ಹಾಡಿಕೊಂಡು ಬಂದಿದ್ದಾರೆ. ಕೆಲವು ಸ್ವರಗಳ ನಡುವೆ ದೂರ ಹೆಚ್ಚು, ಕೆಲವುಗಳ ನಡುವೆ ಕಡಿಮೆ, ಇದೆಂಥ ನ್ಯಾಯ? ಅವರು ಪೆನ್ಸಿಲಿನಿಂದ ಒಂದು ಬಿಟ್ಟು ಒಂದರಂತೆ ಕಟ್ಟೆಗಳಿಗೆ ಗುರುತು ಹಾಕುತ್ತ ಹೋದರು. ಬಿಳಿ ಮೂರು, ಕರಿ ಮೂರು, ಆರಕ್ಕೆ ಮುಗಿದು ಮತ್ತೆ ಸ ಬಂದುಬಿಟ್ಟಿತು. ಎಲ್ಲ ಸ್ವರಗಳಿಗೂ ಸಮಪಾಲು. ನಡುವೆ ಯಜಮಾನನಂತೆ ಕೂರುವ ಪಂಚಮಕ್ಕೆ ಜಾಗವೇ ಇಲ್ಲ. ಯಾವ ಸ್ವರವನ್ನು ಸ ಎಂದು ಹಿಡಿದು ಹೊರಟರೂ ಅದೇ ಲೆಕ್ಕ. ಅವರು ಇದಕ್ಕೆ ಸಮದರ್ಶಿನಿ ಎಂದು ನಾಮಕರಣ ಮಾಡಿ, ದೇವರಿಗೆ ಸಕ್ಕರೆ ನೈವೇದ್ಯ ಮಾಡಿಸಿದರು. ನಮ್ಮ ಮತದಲ್ಲಿ ತಾರತಮ್ಯವೇ ಸಿದ್ಧಾಂತ, ಎಲ್ಲ ಜೀವರೂ ಸಮವಲ್ಲ, ಸ್ವರಗಳು ಹೇಗೆ ಸಮವಾದವು ಎಂದು ದೊಡ್ಡಮ್ಮ ಸಕ್ಕರೆ ಹಂಚುತ್ತ ಕೇಳಿದರು. ಸ್ವರಗಳಿಗೆ ಮೋಕ್ಷವಿಲ್ಲ, ಹಾಗಾಗಿ ಬಾಧಕವಿಲ್ಲ ಎಂದು ದೊಡ್ಡಪ್ಪ ತೀರ್ಪು ಕೊಟ್ಟರು.

ಅದು ರಾಗವಲ್ಲ. ಆಗಲೂ ಅಲ್ಲ, ಈಗಲೂ ಅಲ್ಲ. ಹಾಡು ಎಂದ ಮೇಲೆ ಎಲ್ಲಾದರೂ ಕೂರಬೇಕು, ಇದು ಸೀಟು ಸಿಗದೆ ಬಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುವವನ ಪಾಡು. ಒಂದು ಸ್ವರದ ಮೇಲೆ ನಿಂತರೆ ಇನ್ನೊಂದು ಕರೆಯುತ್ತದೆ, ಅಲ್ಲಿಗೆ ಹೋದರೆ ಅದೂ ಹೊರಗೇ ನಿಲ್ಲಿಸುತ್ತದೆ. ದೊಡ್ಡಮ್ಮ ಚೆನ್ನಾಗಿ ಹಾಡುತ್ತಿದ್ದರು, ಮೈಸೂರಿನಲ್ಲಿ ಕಲಿತವರು. ಇದಕ್ಕೆ ತಂಬೂರಿಯ ಮೊದಲನೇ ತಂತಿಯನ್ನು ಎಲ್ಲಿಗೆ ಕೂಡಿಸುವುದು ಎಂದು ಕೇಳಿದರು. ಪಂಚಮವಿಲ್ಲದಿದ್ದರೆ ಮಧ್ಯಮಕ್ಕೆ ಇಳಿಸುತ್ತಾರೆ, ಆ ಮಧ್ಯಮವೂ ಇದರಲ್ಲಿ ಇಲ್ಲವಲ್ಲ ಎಂದು. ದೊಡ್ಡಪ್ಪ ತಂಬೂರಿಯಲ್ಲೇ ದೋಷವಿದೆ ಎಂದರು.

ದಿನಾ ಬೆಳಿಗ್ಗೆ ಶಾಲೆಗೆ ಮುಂಚೆ ನನಗೆ ಸಾಧನೆ. ಕೈಗೆ ಇರುವುದು ಐದು ಬೆರಳು, ದೊಡ್ಡಪ್ಪನ ಸ್ವರ ಆರು. ಬಲ್ಲವರು ಹೆಬ್ಬೆರಳನ್ನು ಅಡಿಯಿಂದ ನುಸುಳಿಸುತ್ತಾರೆಂದು ನನಗೆ ಆಮೇಲೆ ಎಷ್ಟೋ ವರ್ಷದ ನಂತರ ತಿಳಿಯಿತು. ದೊಡ್ಡಪ್ಪನ ಏರ್ಪಾಡು ಬೇರೆ. ಬಲಗೈಯ ಐದೂ ಬೆರಳು ಐದು ಸ್ವರ ಒತ್ತಬೇಕು, ಆರನೆಯದನ್ನು ಎಡಗೈಯ ತೋರುಬೆರಳು ಬಲಗೈಯ ಮೇಲಿಂದ ಹಾರಿ ಬಂದು ಒತ್ತಬೇಕು, ಅಷ್ಟರಲ್ಲಿ ಬಲಗೈ ಮುಂದಿನ ಸ ಹಿಡಿಯಬೇಕು. ಹೀಗೆ ಒಂದರ ಮೇಲೊಂದು ಕೈ ಹಾಕುತ್ತ ಪಿಯಾನೋದ ಕೊನೆಯವರೆಗೆ ಹೋಗಿ, ಅಲ್ಲಿಂದ ಅದೇ ಕ್ರಮದಲ್ಲಿ ಇಳಿದು ಬರಬೇಕು. ಏರಿಸಿದ ಮೇಲೆ ಇಳಿಸದೆ ಏಳುವ ಹಾಗಿಲ್ಲ; ಹಾಕಿದ ಮೊತ್ತ ತೆಗೆದಾಗ ಸೊನ್ನೆಯಾಗಬೇಕು, ಇಲ್ಲದಿದ್ದರೆ ಲೆಕ್ಕ ತಾಳೆಯಾಗಲಿಲ್ಲವೆಂದು ಅರ್ಥ. ನನ್ನ ಭುಜ ನೋಯುತ್ತಿತ್ತು. ಜೊತೆಗಿನ ಹುಡುಗಿಯರು ವೀಣೆ, ಭರತನಾಟ್ಯ ಎಂದು ಹೇಳಿಕೊಳ್ಳುವಾಗ ನಾನು ಪಿಯಾನೋ ಎಂದು ಗತ್ತಿನಿಂದ ಹೇಳಿ, ಬಾರಿಸು ನೋಡೋಣ ಎಂದು ಯಾರೂ ಕೇಳದಿರಲೆಂದು ಪ್ರಾರ್ಥಿಸುತ್ತಿದ್ದೆ. ಎರಡು ವರ್ಷ ಕಳೆದರೂ ನನಗೆ ಒಂದು ಹಾಡು ಬರುತ್ತಿರಲಿಲ್ಲ. ಆದರೆ ಈ ಏರಿಳಿತದಲ್ಲಿ ಮಾತ್ರ ನನ್ನ ಕೈ ಮಿಂಚಿನ ಹಾಗೆ ಓಡುತ್ತಿತ್ತು.

ಹಾಗೆ ಮೊದಲ ಸಲ ಕೈ ಓಡಿದ ದಿನ ಕಾಲಡಿಯ ಪೆಡಲನ್ನೂ ಒತ್ತಿದ್ದೆ. ಸ್ವರಗಳೆಲ್ಲ ಒಂದಕ್ಕೊಂದು ಕಲಸಿಕೊಂಡು ಮೇಲೆದ್ದವು. ಅಡಿಗೆಮನೆಯ ಬಾಗಿಲಲ್ಲಿ ಮಜ್ಜಿಗೆ ಕಡೆಯುತ್ತಿದ್ದ ದೊಡ್ಡಮ್ಮನ ಕೈ ನಿಂತಿತು. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದರು. ನನಗೂ ತಿಳಿದುಹೋಯಿತು. ಯಾಕೆಂದರೆ ನಾವು ಮೂವರೂ ಸಿನಿಮಾ ನೋಡುತ್ತಿದ್ದೆವು.

ದೊಡ್ಡಪ್ಪ ತಪಾಸಣೆಗೆಂದು ಹೊರ ಊರಿಗೆ ಹೋದಾಗಲೆಲ್ಲ ಮಧ್ಯಾಹ್ನದ ಆಟ. ದೊಡ್ಡಮ್ಮ ಸುಳ್ಳು ಹೇಳುವವರಲ್ಲ. ದೇವಸ್ಥಾನಕ್ಕೆ ಹೋಗಿದ್ದೆವೆಂದು ಹೇಳಬೇಕಾದೀತೆಂದು ಮೊದಲು ನಿಜವಾಗಿಯೂ ದೇವಸ್ಥಾನಕ್ಕೆ ಹೋಗಿ, ತುಳಸಿ ಪಡೆದು ಮುಡಿದುಕೊಂಡು, ಆಮೇಲೆ ಥಿಯೇಟರಿಗೆ. ತುಳಸಿ ಮುಡಿದ ಹೆಂಗಸರಿಬ್ಬರು ಕತ್ತಲೆಯಲ್ಲಿ ಪರರ ಸಂಸಾರ ನೋಡಿ ಅತ್ತು, ಮುಖ ತೊಳೆದು ಮನೆಗೆ ಬಂದು ಸಾರಿಗೆ ಬೇಳೆ ಇಡುತ್ತಿದ್ದರು. ಎಂಥ ದರಿದ್ರ ಸಿನಿಮಾಗಳು! ಪ್ರತಿಯೊಂದರಲ್ಲೂ ಯಾರಾದರೊಬ್ಬರು ಕಿಟಕಿಯ ಹತ್ತಿರ ನಿಂತು ಗಲ್ಲ ಎತ್ತಿ ಸೂರು ನೋಡುತ್ತಿದ್ದರು. ನೋಡಿದ ಕೂಡಲೇ ದೊಡ್ಡಪ್ಪನ ಸಮದರ್ಶಿನಿ ಕೇಳುತ್ತಿತ್ತು, ಅದೇ ಆರು ಸ್ವರ, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮದ್ರಾಸಿನಲ್ಲಿ ಬೀದಿಯ ಮಕ್ಕಳಿಗೂ ಗೊತ್ತಿದ್ದ ಆ ಸದ್ದು ಗೊತ್ತಿಲ್ಲದ ಮನುಷ್ಯ ಒಬ್ಬರೇ. ಅವರೇ ಅದನ್ನು ಹೊಸದಾಗಿ ಕಂಡುಹಿಡಿದಿದ್ದರು.

ಮನೆಯೊಳಗೆ ಇದ್ದಷ್ಟು ದಿನ ಇದೊಂದು ತಮಾಷೆ. ಆದರೆ ದೊಡ್ಡಪ್ಪ ಕನ್ನಡದವರ ಸಂಘದಲ್ಲಿ ದಾಸರ ಆರಾಧನೆಯ ದಿನ ಸಮದರ್ಶಿನಿಯನ್ನು ಲೋಕಾರ್ಪಣೆ ಮಾಡುವುದಾಗಿ ಒಪ್ಪಿಕೊಂಡು ಬಂದುಬಿಟ್ಟರು. ಆರಾಧನೆ ನಡೆಯುತ್ತಿದ್ದದ್ದು ಒಂದು ಶಾಲೆಯ ಸಭಾಂಗಣದಲ್ಲಿ, ಅಲ್ಲಿ ವೇದಿಕೆಯ ಮೂಲೆಯಲ್ಲಿ ಒಂದು ಪಿಯಾನೋ ಇತ್ತು. ದೊಡ್ಡಪ್ಪ ಭಾಷಣ ಮಾಡುವುದು, ನಾನು ಆರೋಹಣ ಅವರೋಹಣ ಬಾರಿಸುವುದು, ದೊಡ್ಡಮ್ಮ ಅದರಲ್ಲಿ ಒಂದು ದೇವರನಾಮ ಹಾಡುವುದು. ತಮ್ಮ ಆಫೀಸಿನ ಮೇಲಧಿಕಾರಿಯನ್ನೂ ಕರೆದಿದ್ದರು. ಸಂಘದ ಕಾರ್ಯದರ್ಶಿ ರಾಯರು, ದೊಡ್ಡಪ್ಪ ಹಿಂದೆ ಯಾವುದೋ ವರದಿಯಲ್ಲಿ ತಪ್ಪು ಹುಡುಕಿದ್ದಕ್ಕೆ ಹಲ್ಲು ಕಡಿಯುತ್ತಿದ್ದವರು, ಮುಂದಿನ ಸಾಲಿನಲ್ಲೇ ಕೂರುವವರು.

ಆಗ ದೊಡ್ಡಮ್ಮ ನಿಜವಾಗಿ ಇಕ್ಕಟ್ಟಿಗೆ ಸಿಕ್ಕಿಕೊಂಡರು. ಗಂಡನಿಗೆ ಮೊದಲೇ ತಿಳಿಸಿದರೆ ತಾವು ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನು ಒಪ್ಪಿಕೊಳ್ಳಬೇಕು; ಅದರ ಜೊತೆಗೆ ಅಮ್ಮನ, ನನ್ನ ಸಿನಿಮಾವೂ ಮುಗಿಯಿತು. ತಿಳಿಸದಿದ್ದರೆ ಆ ಮನುಷ್ಯ ಮದ್ರಾಸಿನ ಕನ್ನಡದವರ ಮುಂದೆಲ್ಲ ನಗೆಪಾಟಲು. ಹೇಳಬೇಡಿ ಅಕ್ಕ ಎಂದು ಅಮ್ಮ ಅವರ ಕೈ ಹಿಡಿದುಕೊಂಡರು. ದೊಡ್ಡಮ್ಮ ದಿನಾ ದೊಡ್ಡಪ್ಪನಿಗೆ ಕಾಫಿ ಕೊಡಲು ಹೋಗುವರು, ಲೋಟ ಇಟ್ಟು ಒಂದು ಗಳಿಗೆ ನಿಲ್ಲುವರು, ಹೇಳದೆಯೇ ವಾಪಸು ಬರುವರು. ನನಗೆ ಅವರಿಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಒಂದು ಮೂರ್ಖ ಪ್ರಮಾಣಕ್ಕೆ ಇಷ್ಟು ಜನ ಹೆದರಬೇಕೇ?

ಆರಾಧನೆಯ ದಿನ ಸಭಾಂಗಣ ತುಂಬಿತ್ತು. ನಮ್ಮ ಸಂಘದವರ ಗುಣ ಗೊತ್ತಲ್ಲ: ವೇದಿಕೆಯ ಮೇಲೆ ಕನ್ನಡಕ್ಕಾಗಿ ಕಣ್ಣೀರು, ಹಿಂದಿನ ಸಾಲಿನಲ್ಲಿ ತಮಿಳಿನಲ್ಲಿ ಹರಟೆ, ಎಲ್ಲರ ಮೂಗೂ ಪುಳಿಯೋಗರೆಯ ವಾಸನೆ ಬರುವ ದಿಕ್ಕಿಗೆ. ದೊಡ್ಡಪ್ಪ ಹೊಸ ಪಂಚೆ, ಅಂಗಾರ ಅಕ್ಷತೆಯಲ್ಲಿ ಮೈಕಿನ ಮುಂದೆ ನಿಂತು ಸ್ವರಗಳಿಗೆ ಇಷ್ಟು ಕಾಲ ಆದ ಅನ್ಯಾಯವನ್ನು ವಿವರಿಸಿದರು. ಆಮೇಲೆ ನನ್ನ ಕಡೆ ಕೈ ತೋರಿದರು. ನಾನು ಏರಿಸಿದೆ.

ಮೂರನೇ ಸಾಲಿನಲ್ಲಿ ಕಾಲೇಜು ಹುಡುಗಿಯರ ಒಂದು ಗುಂಪು. ಅವರೆಲ್ಲ ಒಟ್ಟಿಗೆ ಗಲ್ಲ ಎತ್ತಿ, ಕೈಯನ್ನು ಕೆನ್ನೆಗೆ ಆನಿಸಿ, ಸೂರಿನ ಫ್ಯಾನನ್ನು ನೋಡತೊಡಗಿದರು. ಅಷ್ಟೇ ಸಾಕಾಯಿತು. ನಗು ಅಲ್ಲಿಂದ ಹಬ್ಬಿತು. ದೊಡ್ಡಪ್ಪ ಜನಕ್ಕೆ ಅರ್ಥವಾಗಲಿಲ್ಲವೆಂದು ತಿಳಿದು, ಇನ್ನೊಂದು ಸಲ ನಿಧಾನವಾಗಿ ಬಾರಿಸು ಎಂದರು. ಬಾರಿಸಿದೆ. ರಾಯರು ತೊಡೆ ತಟ್ಟಿಕೊಂಡು ನಕ್ಕರು, ಮೇಲಧಿಕಾರಿ ಕರವಸ್ತ್ರದೊಳಗೆ ಕೆಮ್ಮಿದರು. ಏನು ವಿಷಯ ಎಂದು ದೊಡ್ಡಪ್ಪ ಮೈಕಿನಲ್ಲೇ ಕೇಳಿದರು. ಯಾರೂ ಹೇಳಲಿಲ್ಲ. ದಾಸರ ಪಟಕ್ಕೆ ಹಾರ ಹಾಕಿದ ವೇದಿಕೆಯ ಮುಂದೆ ಸಿನಿಮಾ ಎಂಬ ಮಾತನ್ನು ಬಾಯಿಂದ ತೆಗೆಯಲು ಒಬ್ಬರಿಗೂ ಧೈರ್ಯವಿಲ್ಲ, ಆದರೆ ನಗಲು ಎಲ್ಲರಿಗೂ ಧೈರ್ಯವಿತ್ತು. ನಾನು ಆ ಜನರನ್ನು ಇಂದಿಗೂ ಕ್ಷಮಿಸಿಲ್ಲ. ದೊಡ್ಡಪ್ಪನ ಕಿವಿ ಕೆಂಪಾಗಿ, ಭಾಷಣದ ಕಾಗದವನ್ನು ಮಡಿಸುತ್ತ ಬಿಚ್ಚುತ್ತ ಇದ್ದದ್ದು ಪಿಯಾನೋದ ಹತ್ತಿರದಿಂದ ಕಾಣುತ್ತಿತ್ತು.

ಆಗ ದೊಡ್ಡಮ್ಮ ತಂಬೂರಿ ಎತ್ತಿಕೊಂಡರು. ಮೊದಲನೇ ತಂತಿ ಪಂಚಮಕ್ಕೇ ಇತ್ತು, ಅವರು ಇಳಿಸಿರಲಿಲ್ಲ. ಸಮದರ್ಶಿನಿಯೂ ಇಲ್ಲ ಏನೂ ಇಲ್ಲ, ಅವರು ದಿನಾ ದೇವರ ಮುಂದೆ ಹಾಡುವ ದೇವರನಾಮವನ್ನು ದಿನಾ ಹಾಡುವ ಧಾಟಿಯಲ್ಲೇ ಹಾಡಿದರು. ಸಭೆ ತಣ್ಣಗಾಯಿತು. ಮುದುಕಿಯರು ಕಣ್ಣು ಮುಚ್ಚಿ ತಲೆದೂಗಿದರು. ಮಂಗಳಾರತಿಯಾಗಿ ಎಲ್ಲರೂ ಪುಳಿಯೋಗರೆಗೆ ಎದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಮೌಂಟ್ ರೋಡಿನಲ್ಲಿ ಕಣ್ಣು ಮುಚ್ಚುವುದನ್ನೂ ಮರೆತಿದ್ದರು.

ಮಾರನೇ ಸಂಜೆ ದೊಡ್ಡಮ್ಮ ನಡುಮನೆಯಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ನಾನು ಪಕ್ಕದಲ್ಲೇ ಶಾಲೆಯ ಪಾಠ ಬರೆಯುತ್ತಿದ್ದೆ. ದೊಡ್ಡಪ್ಪ ಆಫೀಸಿನಿಂದ ಬಂದವರು ಕೋಟು ಬಿಚ್ಚದೆ ನಿಂತರು.

"ಅವರೆಲ್ಲಾ ಯಾಕೆ ನಕ್ಕರು? ನಿನಗೆ ಗೊತ್ತು ತಾನೆ?"

ದೊಡ್ಡಮ್ಮ ತಲೆಯೆತ್ತಲಿಲ್ಲ. "ಸಿನಿಮಾದಲ್ಲಿ ಅದನ್ನ ಬಾರಿಸ್ತಾರೆ. ಹಿಂದಿನ ಕಥೆ ಶುರುವಾಗೋವಾಗ."

"ಯಾರು ಹೇ‍ಳಿದ್ದು?"

"ಯಾರೂ ಹೇಳ್ಲಿಲ್ಲ. ನಾನೇ ನೋಡಿದೀನಿ. ಮದುವೆಯಾಗಿ ಬಂದ ಮಾರನೇ ವರ್ಷದಿಂದ ನೋಡ್ತಾ ಇದೀನಿ."

ನಾನು ಪೆನ್ಸಿಲ್ ಕೆಳಗಿಟ್ಟೆ. ಮನೆ ಹತ್ತಿಕೊಂಡು ಉರಿಯುತ್ತದೆ ಎಂದುಕೊಂಡೆ. ದೊಡ್ಡಪ್ಪ ಪಿಯಾನೋದ ಮುಂದಿನ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. ದೊಡ್ಡಮ್ಮ ಅಕ್ಕಿಯಲ್ಲಿ ಬೆರಳಾಡಿಸುವ ಸದ್ದು ಕೇಳುತ್ತಲೇ ಇತ್ತು. ಕೊನೆಗೆ ಅವರು ಕೇಳಿದ್ದು ನಾನು ಎಣಿಸಿದ ಪ್ರಶ್ನೆಯಲ್ಲ.

"ಹಿಂದಿನ ಕಥೆ ಅಂದ್ರೆ? ಮುಗಿದುಹೋದದ್ದು ಮರುಪಡಿ ಹೇಗೆ ಬರುತ್ತೆ?"

ದೊಡ್ಡಮ್ಮ ವಿವರಿಸಿದರು. ವಯಸ್ಸಾದ ಒಬ್ಬಳು ಕಿಟಕಿಯ ಹತ್ತಿರ ನಿಂತು ಏನೋ ನೆನೆಸಿಕೊಳ್ಳುತ್ತಾಳೆ, ಎಲ್ಲ ನೀರಿನಲ್ಲಿ ಕಂಡ ಹಾಗೆ ಅಲುಗಾಡುತ್ತದೆ, ಆಮೇಲೆ ಅವಳು ಚಿಕ್ಕವಳು, ಸತ್ತುಹೋದ ಅವಳ ತಾಯಿ ಅಲ್ಲಿ ಹೂ ಕಟ್ಟುತ್ತ ಕೂತಿರುತ್ತಾಳೆ. ದೊಡ್ಡಪ್ಪ ಮಗುವಿನ ಹಾಗೆ ಕೇಳಿಸಿಕೊಂಡರು.

"ಶರಿ. ಅಲ್ಲಿಗೆ ಹೋದವರು ತಿರುಗಿ ಹೇಗೆ ಬರ್ತಾರೆ?"

"ಅದನ್ನೇ ಇಳಿಸಿ ಬಾರಿಸ್ತಾರೆ. ಇಳಿಸಿದ್ರೆ ಇವತ್ತಿಗೆ ಬಂದುಬಿಡ್ತಾರೆ."

ದೊಡ್ಡಪ್ಪ ತಲೆದೂಗಿದರು. ಅವರಿಗೆ ಕೋಪ ಬರಲಿಲ್ಲವೆಂದು ನಾನು ಹೇಳಲಾರೆ. ಎರಡು ದಿನ ದೊಡ್ಡಮ್ಮನ ಕೈಯ ಕಾಫಿ ಮುಟ್ಟಲಿಲ್ಲ. ಮೂರನೇ ಸಂಜೆ ಸ್ಟೂಲನ್ನು ಎಳೆದುಕೊಂಡು ಬಂದು, ಗಂಟಲು ಸರಿಮಾಡಿಕೊಂಡು, ಆಡಿಟರಿನ ದನಿಯಲ್ಲಿ ಹೇಳಿದರು: "ಕಣ್ಣಿನಿಂದ ನೋಡಲ್ಲಾಂತ ತಾನೆ ನಾನು ಪ್ರಮಾಣ ಮಾಡಿದ್ದು. ಕಿವಿ ವಿಷಯ ಅದರಲ್ಲಿ ಬರಲ್ಲ. ಒಂದು ಕಥೆ ಹೇಳು."

ಹೀಗೆ ನಮ್ಮ ಮನೆಯಲ್ಲಿ ಸಿನಿಮಾ ಶುರುವಾಯಿತು. ಇನ್ನು ಮುಚ್ಚುಮರೆಯಿಲ್ಲ. ದೊಡ್ಡಮ್ಮ, ಅಮ್ಮ ಹಾಡಹಗಲೇ ಹೋಗಿ ನೋಡಿ ಬರುವರು. ಸಂಜೆ ದೊಡ್ಡಮ್ಮ ಅಕ್ಕಿಯೋ ಬೇಳೆಯೋ ಆರಿಸುತ್ತ ದೊಡ್ಡಪ್ಪನಿಗೆ ಇಡೀ ಕಥೆ ಒಪ್ಪಿಸುವರು. ಹಿಂದಿನ ಕಥೆ ಬರುವ ಜಾಗ ಬಂದಾಗ ದೊಡ್ಡಪ್ಪ ಬೆರಳೆತ್ತುವರು, ನಾನು ಪಿಯಾನೋ ಏರಿಸಬೇಕು. ವಾಪಸು ಬರುವಾಗ ಇಳಿಸಬೇಕು. ಇದಕ್ಕೆ ನಾನು ಎರಡು ವರ್ಷ ಭುಜ ನೋಯಿಸಿಕೊಂಡೆ ನೋಡಿ! ಒಂದು ದಿನ ಸಭೆಗಳಲ್ಲಿ ಬಾರಿಸಿ ಹಾರ ಹಾಕಿಸಿಕೊಳ್ಳುತ್ತೇನೆಂದು ಒಳಗೊಳಗೇ ಕನಸು ಕಂಡವಳು ಒಬ್ಬ ಮುದುಕನಿಗೆ ಪರದೆ ಎತ್ತುವ ಇಳಿಸುವ ಆಳಾದೆ. ನಾನು ಮುಖ ಊದಿಸಿಕೊಂಡು ಬಾರಿಸುತ್ತಿದ್ದೆ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಕೇಳುವರು, ಕಥೆ ನೋಡಿದ ಹಾಗಾದೀತೆಂದು ಭಯ. ನಡುನಡುವೆ ಆಕ್ಷೇಪಣೆ ಬೇರೆ. ಆ ಹುಡುಗ ತಪ್ಪಿಸಿಕೊಂಡಾಗ ಪೊಲೀಸಿಗೆ ಯಾಕೆ ಬರೆದುಕೊಡಲಿಲ್ಲ? ಅವಳಿಗೆ ಆಗ ಎಷ್ಟು ವಯಸ್ಸು, ಈಗ ಎಷ್ಟು, ಕೂಡಿದರೆ ಸರಿಹೋಗುವುದಿಲ್ಲವಲ್ಲ? ನೀವು ಸುಮ್ಮನಿದ್ರೆ ಸರಿಹೋಗುತ್ತೆ ಎನ್ನುವರು ದೊಡ್ಡಮ್ಮ.

ವರ್ಷಗಳು ಹಾಗೇ ಸರಿದು ಎಂಬತ್ತರ ದಶಕ ಬಂತು. ಬೀದಿಯ ಮನೆಗಳಿಗೆಲ್ಲ ಟಿ.ವಿ. ಬಂತು, ನಮ್ಮ ಮನೆಗೆ ಬರಲಿಲ್ಲ, ದೊಡ್ಡಮ್ಮ ಇದ್ದರಲ್ಲ. ನಾನು ಓದು ಮುಗಿಸಿ ಬ್ಯಾಂಕಿಗೆ ಸೇರಿದೆ. ಸಂಜೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ದೊಡ್ಡಪ್ಪ ಬೆರಳೆತ್ತಿಕೊಂಡು ಕಾದಿರುತ್ತಿದ್ದರು. ಬರಬರುತ್ತ ದೊಡ್ಡಮ್ಮನ ಕಥೆಗಳಲ್ಲಿ ಎಷ್ಟು ಸಿನಿಮಾದ್ದು, ಎಷ್ಟು ಅವರ ಮೈಸೂರಿನ ತವರುಮನೆಯದ್ದು ಎಂದು ಬಿಡಿಸಲಾಗದೆ ಹೋಯಿತು. ಬಾವಿಕಟ್ಟೆಯ ಪಾರಿಜಾತದ ಕೆಳಗೆ ಹಾಡು ಕಲಿಯುತ್ತಿದ್ದ ಹುಡುಗಿಯೊಬ್ಬಳು ಎಲ್ಲ ಕಥೆಯಲ್ಲೂ ಬರುತ್ತಿದ್ದಳು. ದೊಡ್ಡಪ್ಪನಿಗೂ ಇದು ತಿಳಿಯುತ್ತಿತ್ತು ಎಂದೇ ನನ್ನ ಊಹೆ. ಆ ಹುಡುಗಿಯ ಲೆಕ್ಕದಲ್ಲಿ ಮಾತ್ರ ಅವರು ಒಂದು ದಿನವೂ ತಪ್ಪು ಹುಡುಕಲಿಲ್ಲ.

ದೀಪಾವಳಿಯ ಹೊತ್ತಿನ ಒಂದು ಐಪ್ಪಸಿ ಮಳೆಯಲ್ಲಿ ದೊಡ್ಡಮ್ಮನಿಗೆ ಜ್ವರ ಬಂತು, ಎದೆಗೆ ಇಳಿಯಿತು, ಹೋದರು. ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದರು. ದೊಡ್ಡಪ್ಪ ಗರುಡಪುರಾಣ ಓದಿಸುವಾಗಲೂ ಪುರೋಹಿತರ ಉಚ್ಚಾರ ತಿದ್ದಿದ್ದನ್ನು ನೋಡಿ, ಈ ಮನುಷ್ಯನಿಗೆ ಎದೆ ಎಂಬುದಿದೆಯೇ ಎಂದು ನಾನು ಅಮ್ಮನ ಹತ್ತಿರ ಹಲ್ಲು ಕಡಿದೆ. ಪಿಯಾನೋವನ್ನು ಯಾರೂ ಮುಟ್ಟಲಿಲ್ಲ. ಅದರ ಹೊಟ್ಟೆಯ ಬಲ್ಬು ಮಾತ್ರ ಉರಿಯುತ್ತಿತ್ತು.

ಅದಾಗಿ ಕೆಲವು ವಾರಗಳ ಮೇಲೆ ನಾನು ಬ್ಯಾಂಕಿನಿಂದ ಬಂದಾಗ ದೊಡ್ಡಪ್ಪ ಸ್ಟೂಲನ್ನು ನನಗೆ ಹಾಕಿಟ್ಟು, ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದ ಜಾಗದ ಎದುರಿಗೆ ಕುರ್ಚಿಯಲ್ಲಿ ಕೂತಿದ್ದರು. ಬೆರಳೆತ್ತಿದರು. ಕಥೆ ಹೇಳುವವರು ಯಾರು ಎಂದು ಕೇಳಲು ಬಾಯಿ ತೆರೆದವಳು ಅವರ ಮುಖ ನೋಡಿ ಕೂತುಕೊಂಡೆ. ಮಳೆಗೆ ಕಟ್ಟೆಗಳು ಊದಿ ಭಾರವಾಗಿದ್ದವು. ಪೆಡಲ್ ಒತ್ತಿ ಕೆಳಗಿನಿಂದ ಏರಿಸಿದೆ, ಕೈಯ ಮೇಲೆ ಕೈ ಹಾಕುತ್ತ ಮೇಲಿನ ತುದಿಯವರೆಗೆ. ದೊಡ್ಡಪ್ಪ ಕಣ್ಣು ಮುಚ್ಚಿದ್ದರು. ಸ್ವಲ್ಪ ತಡೆದು, ಅಭ್ಯಾಸದಂತೆ ಇಳಿಸಲು ಕೈಯೆತ್ತಿದೆ.

"ಇಳಿಸಬೇಡ ಕುಟ್ಟಿ," ಎಂದರು ದೊಡ್ಡಪ್ಪ. "ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರ್ತೀನಿ."

ನಾನು ಪೆಡಲಿನಿಂದ ಕಾಲು ತೆಗೆಯಲಿಲ್ಲ. ಸ್ವರಗಳು ಒಂದೊಂದಾಗಿ ಅಡಗಿದ ಮೇಲೂ ತೆಗೆಯಲಿಲ್ಲ. ಏರಿಸಿದ್ದನ್ನು ಇಳಿಸದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲವೆಂದು ನನ್ನ ಭುಜ ಮುರಿದ ಮನುಷ್ಯ ಅವರೇ. ನನಗೆ ಅಳು ಬಂತು, ದೊಡ್ಡಮ್ಮ ಹೋದ ದಿನ ಬಂದದ್ದಕ್ಕಿಂತ ಹೆಚ್ಚಾಗಿ ಬಂತು.

ದೊಡ್ಡಪ್ಪನೂ ಹೋಗಿ ಬಹಳ ಕಾಲವಾಯಿತು. ಪಿಯಾನೋಗೆ ಗೆದ್ದಲು ಹಿಡಿದಾಗ, ಶೂಟಿಂಗಿಗೆ ಸಾಮಾನು ಬಾಡಿಗೆ ಕೊಡುವವನೊಬ್ಬ ಬಂದು ಒಯ್ದ. ಯಾವ ಸಿನಿಮಾದ ಯಾವ ಶ್ರೀಮಂತರ ಮನೆಯಲ್ಲಿ ಅದು ಸುಮ್ಮನೆ ನಿಂತಿತ್ತೋ, ನಾನಂತೂ ನೋಡಲಿಲ್ಲ. ಸಮದರ್ಶಿನಿಯ ಹೆಸರು ತಿಳಿದವರು ಈಗ ಲೋಕದಲ್ಲಿ ನಾನೊಬ್ಬಳು, ಇಲ್ಲಿಯವರೆಗೆ ಓದಿದ ನೀವೊಬ್ಬರು. ಅದು ರಾಗವಲ್ಲ ಎಂಬ ನನ್ನ ಮಾತು ಹಾಗೇ ಇದೆ, ನೀವೂ ಹೊಗಳಲು ಹೋಗಬೇಡಿ.

ಇವತ್ತು ಸಂಜೆಯೂ ಗೋಡೆಯಾಚೆ ಅತ್ತೆ ಬೈದಳು, ಪಾತ್ರೆ ಬಿತ್ತು, ಆರು ಸ್ವರ ಏರಿದವು. ಅಷ್ಟಕ್ಕೇ ಧಾರಾವಾಹಿ ಇವತ್ತಿನ ಪಾಲು ಮುಗಿಸಿ ಸೋಪಿನ ಜಾಹೀರಾತು ಹಾಕಿತು. ಆ ಹೆಂಗಸನ್ನು ಹಿಂದಕ್ಕೆ ಕಳಿಸಿ, ಅಲ್ಲೇ ಬಿಟ್ಟು, ಮಂದಿ ಸೋಪು ಮಾರಲು ಹೋದರು. ನನ್ನ ಎಡಗೈಯ ತೋರುಬೆರಳು ಮೇಜಿನ ಮೇಲೆ ಎದ್ದಿತು. ಅಕ್ಕಿಯಲ್ಲಿ ಬೆರಳಾಡಿಸುವ ಸದ್ದು ಎಲ್ಲೋ ಕೇಳಿದಂತಾಯಿತು, ಅಥವಾ ಪಕ್ಕದ ಮನೆಯವರ ಒಗ್ಗರಣೆಯೇ ಇರಬೇಕು. ಹುರುಳಿಕಾಯಿ ಅರ್ಧ ಹೆಚ್ಚಿದ್ದು ಹಾಗೇ ಇತ್ತು. ಎರಡೂ ಕೈಗಳನ್ನು ಮೇಜಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಇಳಿಸಲಿಲ್ಲ.